ಸಪ್ಸಾನ್ ನಿಲ್ಲದ ಊರು

ಮೊದಲ ದಿನ: ಮಾಸ್ಕೋ ಇಳಿದು ಪೀಟರ್ಸ್‌ಬರ್ಗ್‌ಗೆ

ಮೂವತ್ನಾಲ್ಕು ವರ್ಷ ಹಳಿ ನೋಡಿಕೊಂಡೇ ಸಂಬಳ ತಿಂದವನು ನಾನು. ಪುಶ್ ಟ್ರಾಲಿ ಮೇಲೆ ಕೂತು, ಹಳಿ ಗಸ್ತಿನ ಕೀಮನ್‌ನ ಬೈದು, ಬೇಸಿಗೆಯಲ್ಲಿ ಹಳಿ ಉಬ್ಬಿದರೆ ರಾತ್ರಿ ನಿದ್ದೆಗೆಟ್ಟು ಹುಬ್ಬಳ್ಳಿಯಲ್ಲಿ ನಿವೃತ್ತನಾದ ಪಿ.ಡಬ್ಲ್ಯು.ಐ., ಅಂದರೆ ಹಳಿಗಳ ಇನ್‌ಸ್ಪೆಕ್ಟರ್. ಇಂಥವನು ರಷ್ಯಾಕ್ಕೆ ಹೋಗುತ್ತೇನೆಂದಾಗ ಮನೆಯಲ್ಲಿ ಎಲ್ಲರೂ ಅರಮನೆ, ಚರ್ಚು, ಸರ್ಕಸ್ ಎಂದುಕೊಂಡರು. ನನಗೆ ಬೇಕಿದ್ದದ್ದು ಒಂದು ಸಮಾಧಿ. ಅದೂ ರೈಲ್ವೆ ಸ್ಟೇಷನ್ನಿನ ಅಂಗಳದಲ್ಲಿರುವ ಸಮಾಧಿ.

ಪಾವೆಲ್ ಪೆತ್ರೋವಿಚ್ ಮೆಲ್ನಿಕೊವ್. 1804ರಲ್ಲಿ ಹುಟ್ಟಿ 1880ರಲ್ಲಿ ತೀರಿಕೊಂಡವರು. ಝಾರ್ ದೊರೆಗಳ ಸೇವೆಯಲ್ಲಿ ಇಂಜಿನಿಯರ್-ಜನರಲ್ ದರ್ಜೆ, ಪೀಟರ್ಸ್‌ಬರ್ಗ್–ಮಾಸ್ಕೋ ರೈಲುದಾರಿ ಹಾಕಿದ ಇಬ್ಬರು ಮುಖ್ಯ ಇಂಜಿನಿಯರುಗಳಲ್ಲಿ ಒಬ್ಬರು, ಆಮೇಲೆ ರಷ್ಯಾದ ಮೊದಲ ರೈಲ್ವೆ ಮಂತ್ರಿ. ನೂರೆಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದೆ ಆತ ಎಳೆದ ಗೆರೆಯ ಮೇಲೆ ಇವತ್ತಿಗೂ ಗಾಡಿ ಇನ್ನೂರರ ವೇಗದಲ್ಲಿ ಓಡುತ್ತದೆ ಅಂದರೆ, ನನ್ನಂಥವನಿಗೆ ಅದು ಕಾಶಿಯಾತ್ರೆಯಷ್ಟೇ ಸರಿ. ಇಲಾಖೆಯ ಅಭ್ಯಾಸ ಬಿಡುವುದಿಲ್ಲ, ಅವರನ್ನು ಮೆಲ್ನಿಕೊವ್ ಸಾಹೇಬರು ಎಂದೇ ಬರೆಯುತ್ತೇನೆ.

ಜೊತೆಗೆ ಅಕ್ಕನ ಮಗ. ತ್ವೇರ್ ಎಂಬ ಊರಲ್ಲಿ ಎಂ.ಬಿ.ಬಿ.ಎಸ್. ಓದುತ್ತಾನೆ. ಅಲ್ಲಿ ನಮ್ಮ ಕಡೆಯ ಹುಡುಗರು ಬಹಳ. ಅದೃಷ್ಟಕ್ಕೆ ತ್ವೇರ್ ಇದೇ ಮಾರ್ಗದ ಮೇಲಿದೆ. ವಿಮಾನ ನಿಲ್ದಾಣಕ್ಕೆ ಬಂದವನೇ, "ಮಾಮಾ, ನಿಮ್ಮ ಕಾರ್ಡು ಒಳಗ ಇಡ್ರಿ. ಇಲ್ಲಿ ಅದು ಬರೇ ಪ್ಲಾಸ್ಟಿಕ್" ಅಂದ. ನಿಜ. 2022ರಿಂದ ನಮ್ಮ ವೀಸಾ, ಮಾಸ್ಟರ್‌ಕಾರ್ಡುಗಳು ಇಲ್ಲಿ ನಡೆಯುವುದಿಲ್ಲ. ಬನಿಯನ್ ಒಳಜೇಬಿನಲ್ಲಿ ಡಾಲರ್ ನೋಟು ಇಟ್ಟುಕೊಂಡು ತಿರುಗುವುದು ಅಜ್ಜನ ಕಾಲದ ಪ್ರಯಾಣ ಇದ್ದಂಗಿತ್ತು.

ಮಾಸ್ಕೋದ ಲೆನಿನ್‌ಗ್ರಾದ್‌ಸ್ಕಿ ಸ್ಟೇಷನ್ನಿನಿಂದ ಸಪ್ಸಾನ್ ಹತ್ತಿದೆವು. ಊರಿನ ಹೆಸರು ಲೆನಿನ್‌ಗ್ರಾದ್‌ನಿಂದ ಮತ್ತೆ ಪೀಟರ್ಸ್‌ಬರ್ಗ್ ಆಗಿ ಮೂವತ್ತು ವರ್ಷ ದಾಟಿತು, ಸ್ಟೇಷನ್ ಹಳೆ ಹೆಸರಲ್ಲೇ ಉಳಿದಿದೆ. ಸಪ್ಸಾನ್ ಅಂದರೆ ಒಂದು ಜಾತಿಯ ಡೇಗೆ. 2009ರ ಡಿಸೆಂಬರಿನಲ್ಲಿ ಶುರುವಾದ ಗಾಡಿ, ಒಂದು ತುಂಡು ದಾರಿಯಲ್ಲಿ 250 ಕಿ.ಮೀ. ವೇಗ ಮುಟ್ಟುತ್ತದೆ. ಸುಮಾರು ನಾಲ್ಕು ತಾಸಿನ ದಾರಿ. ಕೊನೆಯ ಅರ್ಧ ಗಂಟೆ ಕಿಟಕಿಗೆ ಮೂಗು ಒತ್ತಿಕೊಂಡು ಲ್ಯುಬಾನ್ ಎಂಬ ಬೋರ್ಡಿಗೆ ಕಾದೆ. ಸಾಹೇಬರ ಸಮಾಧಿ ಇರುವುದು ಅಲ್ಲಿ. ಅಳಿಯ ಚಹಾ ತಂದ, ಲೋಟ ತಗೊಳ್ಳಲು ತಿರುಗಿದೆ, ಮತ್ತೆ ಕಿಟಕಿ ನೋಡುವಷ್ಟರಲ್ಲಿ ಬರೀ ಬರ್ಚ್ ಮರಗಳು. "ಹೋತು ಮಾಮಾ" ಅಂದ. ಸಪ್ಸಾನ್ ಅಲ್ಲಿ ನಿಲ್ಲುವುದಿಲ್ಲ.

ಎರಡನೆಯ ದಿನ: ಪೀಟರ್ಸ್‌ಬರ್ಗ್

ಮಾಸ್ಕೋದಲ್ಲಿ ಬಿಟ್ಟ ಸ್ಟೇಷನ್ನೇ ಇಲ್ಲೂ ಎದುರಾದಂತೆ ಕಂಡಿತ್ತು. ಭ್ರಮೆಯಲ್ಲ. ಕಾನ್ಸ್ತಾಂತಿನ್ ತೋನ್ ಎಂಬ ವಾಸ್ತುಶಿಲ್ಪಿ ಎರಡು ತುದಿಗೂ ಒಂದೇ ನಮೂನೆಯ ಕಟ್ಟಡ ಕೊಟ್ಟಿದ್ದಾನೆ, ಗಡಿಯಾರ ಗೋಪುರ ಸಮೇತ. ಇಲ್ಲಿನ ಹಾಲ್‌ನಲ್ಲಿ ಪೀಟರ್ ದೊರೆಯ ಅರೆಪ್ರತಿಮೆ ಇದೆ. 1993ಕ್ಕೆ ಮುಂಚೆ ಆ ಜಾಗದಲ್ಲಿ ಲೆನಿನ್ ಇದ್ದನಂತೆ.

ಬೆಳಿಗ್ಗೆ ಮೊದಲು ಮಾಸ್ಕೋವ್‌ಸ್ಕಿ ಪ್ರಾಸ್ಪೆಕ್ಟಿನ ರೈಲ್ವೆ ಇಂಜಿನಿಯರಿಂಗ್ ವಿಶ್ವವಿದ್ಯಾಲಯಕ್ಕೆ ಹೋದೆವು. 1809ರಲ್ಲಿ ಒಂದನೇ ಅಲೆಕ್ಸಾಂಡರ್ ಸ್ಥಾಪಿಸಿದ ಸಂಸ್ಥೆ. ರೈಲೇ ಇಲ್ಲದ ಕಾಲ, ಕಲಿಸುತ್ತಿದ್ದದ್ದು ರಸ್ತೆ, ಕಾಲುವೆ, ಸೇತುವೆ. ಅದನ್ನು ಕಟ್ಟಿ ಬೆಳೆಸಿದವನು ಬೆತಾಂಕೂರ್ ಎಂಬ ಸ್ಪೇನ್ ದೇಶದವನು. ಇಲ್ಲಿ ಓದಿದವರಿಗೆ ಸಮವಸ್ತ್ರ, ಮಿಲಿಟರಿ ದರ್ಜೆ, ಸಲಾಮು. ಹಾಗಾಗಿಯೇ ಯಾವ ಯುದ್ಧಕ್ಕೂ ಹೆಸರಾಗದ ಮೆಲ್ನಿಕೊವ್ ಸಾಹೇಬರು ಜನರಲ್ ಆದದ್ದು. 1825ರಲ್ಲಿ ತರಗತಿಗೇ ಮೊದಲಿಗರಾಗಿ ಪಾಸಾಗಿ, ಇಲ್ಲೇ ಯಂತ್ರಶಾಸ್ತ್ರ ಕಲಿಸುತ್ತ ಉಳಿದರು. 1835ರಲ್ಲಿ ರೈಲುದಾರಿಗಳ ಮೇಲೆ ಒಂದು ಪುಸ್ತಕ ಬರೆದರು. ರಷ್ಯಾದಲ್ಲಿ ಸಾರ್ವಜನಿಕರು ಕೂರುವ ಮೊದಲ ರೈಲು ಓಡಿದ್ದೇ 1837ರಲ್ಲಿ, ಪೀಟರ್ಸ್‌ಬರ್ಗಿನಿಂದ ತ್ಸಾರ್‌ಸ್ಕೊಯೆ ಸೆಲೊಗೆ. ಗಾಡಿಗಿಂತ ಮೊದಲು ಮೇಷ್ಟ್ರು ತಯಾರು.

1839ರಲ್ಲಿ ಸರ್ಕಾರ ಅವರನ್ನೂ ನಿಕೊಲಾಯ್ ಕ್ರಾಫ್ಟ್ ಎಂಬ ಸಹೋದ್ಯೋಗಿಯನ್ನೂ ಅಮೆರಿಕಕ್ಕೆ ಕಳಿಸಿತು. ವರ್ಷದ ಮೇಲೆ ಅಲ್ಲಿ ಹಳಿ, ಇಂಜಿನ್, ಮರದ ಸೇತುವೆ ನೋಡಿಕೊಂಡು ಬಂದು, ಪೀಟರ್ಸ್‌ಬರ್ಗ್–ಮಾಸ್ಕೋ ದಾರಿ ಆಗುತ್ತದೆ, ಅದರ ಹೊಟ್ಟೆ ತುಂಬುವುದು ಸರಕಿನಿಂದ ಎಂದು ವರದಿ ಕೊಟ್ಟರು. ಮಂತ್ರಿಗಳಲ್ಲಿ ಹೆಚ್ಚಿನವರು ಬೇಡವೆಂದರು. ಹಣಕಾಸು ಮಂತ್ರಿ ಕಾನ್‌ಕ್ರಿನ್‌ಗೆ ಇದ್ದ ಚಿಂತೆಗಳಲ್ಲಿ ಒಂದು, ರೈಲು ಬಂದರೆ ಜನ ಕೆಲಸವಿಲ್ಲದೆ ಊರೂರು ಸುತ್ತುವ ಚಟ ಹಚ್ಚಿಕೊಳ್ಳುತ್ತಾರೆ ಎಂಬುದು. ನನ್ನನ್ನು ನೋಡಿದರೆ ಆತ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕೊನೆಗೆ ಒಂದನೇ ನಿಕೊಲಾಸ್ ದೊರೆಯೇ ತೀರ್ಮಾನಿಸಿ, 1842ರ ಫೆಬ್ರವರಿ 1ರಂದು (ಅವರ ಹಳೆ ಕ್ಯಾಲೆಂಡರ್ ಪ್ರಕಾರ) ಆಜ್ಞೆ ಹೊರಡಿಸಿದ. ಉತ್ತರದ ಅರ್ಧ ಮೆಲ್ನಿಕೊವ್ ಸಾಹೇಬರಿಗೆ, ದಕ್ಷಿಣದ ಅರ್ಧ ಕ್ರಾಫ್ಟ್‌ಗೆ. ಬೊಲೊಗೊಯೆ ಎಂಬಲ್ಲಿ ಇಬ್ಬರ ಸರಹದ್ದು.

ಸಲಹೆಗಾರನಾಗಿ ಅಮೆರಿಕದಿಂದ ವಿಸ್ಲರ್ ಎಂಬ ಇಂಜಿನಿಯರ್ ಬಂದ. ಗೇಜ್ (ಎರಡು ಹಳಿಗಳ ನಡುವಿನ ಅಂತರ) ಐದು ಅಡಿ ಎಂದು ಗೊತ್ತಾಯಿತು, ಅಂದರೆ 1524 ಮಿ.ಮೀ. ಶತ್ರುವಿನ ರೈಲು ನುಗ್ಗಬಾರದೆಂದೇ ರಷ್ಯನ್ನರು ಬೇರೆ ಗೇಜ್ ಹಾಕಿದರು ಎಂದು ನಮ್ಮ ಟ್ರೇನಿಂಗ್ ಸ್ಕೂಲಿನಲ್ಲೂ ಒಬ್ಬರು ಪಾಠ ಮಾಡಿದ್ದರು. ಸಂಗತಿ ಅಷ್ಟು ರೋಚಕವಲ್ಲ. ತ್ಸಾರ್‌ಸ್ಕೊಯೆ ಸೆಲೊ ದಾರಿಯ ಆರಡಿ ಗೇಜ್ ದುಬಾರಿ ಎನಿಸಿತ್ತು. ಅಮೆರಿಕದ ದಕ್ಷಿಣದಲ್ಲಿ ಐದಡಿ ಚೆನ್ನಾಗಿ ನಡೆಯುತ್ತಿತ್ತು. ಅಷ್ಟೇ. ನಮ್ಮ ಬ್ರಾಡ್‌ಗೇಜಿನ 1676 ಮಿ.ಮೀ. ಮುಂದೆ ಅದು ಅರ್ಧ ಅಡಿ ಕಡಿಮೆ ಅನಿಸಿ ಸಣ್ಣ ಜಂಬವೂ ಆಯಿತು. ಪಾಪ, ವಿಸ್ಲರ್ ದಾರಿ ಮುಗಿಯುವುದನ್ನು ನೋಡಲಿಲ್ಲ, 1849ರಲ್ಲಿ ಇದೇ ಊರಲ್ಲಿ ತೀರಿಕೊಂಡ. ಕಪ್ಪು ಉಡುಪಿನಲ್ಲಿ ಕುರ್ಚಿಯ ಮೇಲೆ ಪಕ್ಕಕ್ಕೆ ಮುಖ ಮಾಡಿ ಕೂತ ಮುದುಕಿಯ ಚಿತ್ರ ಪ್ಯಾರಿಸ್‌ನ ಮ್ಯೂಸಿಯಂನಲ್ಲಿದೆಯಲ್ಲ, ಆಕೆ ಈತನ ಹೆಂಡತಿ. ಬರೆದವನು ಮಗ.

ಮಧ್ಯಾಹ್ನ ಕೋಟೆಯ ಪೀಟರ್-ಪಾಲ್ ಚರ್ಚಿಗೆ. ಎಲ್ಲರೂ ಒಳಗೆ ದೊರೆಗಳ ಗೋರಿ ನೋಡುತ್ತಿದ್ದರೆ ನಾನು ಹೊರಗೆ ಕತ್ತೆತ್ತಿ ಶಿಖರದ ಸೂಜಿ ನೋಡುತ್ತಿದ್ದೆ. ನೂರಿಪ್ಪತ್ತು ಮೀಟರ್ ದಾಟುವ ಎತ್ತರ. ಹಳೆಯ ಮರದ ಚೌಕಟ್ಟು ತೆಗೆದು 1857–58ರಲ್ಲಿ ಕಬ್ಬಿಣದ್ದು ಕೂರಿಸಿದವನು ದ್ಮಿತ್ರಿ ಝುರಾವ್‌ಸ್ಕಿ. ಮೆಲ್ನಿಕೊವ್ ಸಾಹೇಬರ ಸಂಸ್ಥೆಯಲ್ಲೇ ಓದಿ 1842ರಲ್ಲಿ ಹೊರಬಿದ್ದು, ನೇರ ಈ ರೈಲುದಾರಿಯ ಕೆಲಸಕ್ಕೆ ಬಂದ ಹುಡುಗ. ಡಿಪ್ಲೊಮಾದಲ್ಲಿ ನಾವು 'ಎಫ್ ಎ ವೈ ಬಾರ್ ಬೈ ಐ ಬಿ' ಎಂದು ಗಿಳಿಪಾಠ ಮಾಡಿದ ತೊಲೆಯ ಶಿಯರ್ (ಪದರ ಪದರವಾಗಿ ಜಾರಿಸುವ ಒತ್ತಡ) ಸೂತ್ರ ಇದೆಯಲ್ಲ, ಅದು ಈತನದು. ಈ ದಾರಿಯ ಮರದ ಸೇತುವೆಗಳಿಗೆ ಲೆಕ್ಕ ಹಾಕುವಾಗ ಹುಟ್ಟಿದ್ದು. ಮರದ ತೊಲೆ ಅಡ್ಡಕ್ಕೆ ಮುರಿಯುವುದಕ್ಕಿಂತ ನಾರಿನುದ್ದಕ್ಕೆ ಸೀಳುವ ಭಯವೇ ಹೆಚ್ಚು ಎಂದು ಕಂಡುಕೊಂಡವನು.

ಅವನದೇ ಇನ್ನೊಂದು ಚಮತ್ಕಾರ. ಅಮೆರಿಕದ ಮಾದರಿಯ ಸೇತುವೆಯಲ್ಲಿ ಎಲ್ಲ ಕಬ್ಬಿಣದ ಸರಳುಗಳನ್ನೂ ಒಂದೇ ದಪ್ಪ ಇಡುತ್ತಿದ್ದರು. ಅದು ತಪ್ಪು, ಕಂಬದ ಹತ್ತಿರದ ಸರಳಿಗೆ ಹೊರೆ ಜಾಸ್ತಿ, ನಡುವಿನದಕ್ಕೆ ಕಡಿಮೆ ಎಂದು ಝುರಾವ್‌ಸ್ಕಿಯ ಲೆಕ್ಕ. ದೊಡ್ಡವರು ನಂಬಬೇಕಲ್ಲ? ಸೇತುವೆಯ ಸಣ್ಣ ಮಾದರಿ ಮಾಡಿ, ಸರಳುಗಳ ಬದಲು ಒಂದೇ ದಪ್ಪದ ತಂತಿ ಬಿಗಿದು, ಮೇಲೆ ಭಾರ ಹೇರಿ, ಪಿಟೀಲಿನ ಕಮಾನು ಎಳೆದ. ಕಂಬದ ಹತ್ತಿರದ ತಂತಿ ತಾರಕದಲ್ಲಿ ಕೂಗಿತು, ನಡುವಿನದು ಮಂದ್ರದಲ್ಲಿ. ಹೊಡೆದರೆ ಹಳಿ ಹೇಗೆ ಕೂಗುತ್ತದೆ ಎಂಬುದರ ಮೇಲೆ ಬಿರುಕು ಹಿಡಿಯುತ್ತಿದ್ದ ನಮ್ಮ ಹಳೆ ಕೀಮನ್‌ಗಳಿಗೆ ಈ ಕಥೆ ಹೇಳಬೇಕಿತ್ತು.

ಬಾಲ್ತಿಸ್ಕಿ ಸ್ಟೇಷನ್ ಪಕ್ಕದ ರೈಲ್ವೆ ಮ್ಯೂಸಿಯಂ (2017ರಲ್ಲಿ ತೆರೆದದ್ದು) ಸಂಜೆಯ ತನಕ ನೋಡಿದೆ. ಅದರ ಬಗ್ಗೆ ಬರೆದರೆ ಇದು ಮುಗಿಯುವುದಿಲ್ಲ. ಅಳಿಯ ಮೂರನೆಯ ಇಂಜಿನ್ನಿಗೇ ಸುಸ್ತಾಗಿ ಬೆಂಚಿನ ಮೇಲೆ ಕೂತ.

ಮೂರನೆಯ ದಿನ: ಲ್ಯುಬಾನ್

ಟಿಕೆಟ್ ನಾನೇ ತಗೊಳ್ಳುತ್ತೇನೆಂದು ಹಟ ಹಿಡಿದೆ. ಕೌಂಟರಿನ ಹೆಂಗಸಿಗೆ, "ಲುಬ್ಯಾಂಕಾ, ದ್ವಾ" ಅಂದೆ. ಆಕೆ ಕನ್ನಡಕದ ಮೇಲಿಂದ ನೋಡಿದಳು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಳಿಯ ಓಡಿಬಂದ.

"ಮಾಮಾ, ಲುಬ್ಯಾಂಕಾ ಅಂದ್ರ ಮಾಸ್ಕೋದಾಗ ಗುಪ್ತ ಪೊಲೀಸರ ಆಫೀಸು. ಅಲ್ಲಿಗೆ ಹೋಗೂದು ಸಸಾರ, ಹೊಳ್ಳಿ ಬರೂದು ತ್ರಾಸ. ಲ್ಯು-ಬಾನ್ ಅನ್ರಿ."

"ಎರಡೂ ಒಂದ ಕೇಳಿಸ್ತಾವಲ್ಲೋ."

"ಲ್ಯುಬ್ ಅಂದ್ರ ಪ್ರೀತಿ ಅಂತ ನೆನಪಿಟ್ಕೋರಿ. ಲ್ಯುಬ್ಲ್ಯು ಅಂದ್ರ ಪ್ರೀತಿಸ್ತೀನಿ."

ನಮ್ಮ 'ಲೋಭ'ವೂ ಆ ಪ್ರೀತಿಯೂ ಒಂದೇ ಬೇರಿನವು. ಅವರಲ್ಲಿ ಪ್ರೀತಿಯಾದದ್ದು ನಮ್ಮಲ್ಲಿ ಯಾಕೆ ದುರಾಸೆಯಾಯಿತೋ. ಎರಡು ಟಿಕೆಟ್ ಕೈಗೆ ಬಂದವು.

ಎಲೆಕ್ತ್ರಿಚ್ಕಾ ಅಂದರೆ ಲೋಕಲ್ ಗಾಡಿ. ಸೀಟು ನಂಬರಿಲ್ಲ, ಯಾರು ಎಲ್ಲಿ ಬೇಕಾದರೂ ಕೂರಬಹುದು. ಬುಟ್ಟಿಯಲ್ಲಿ ಅಣಬೆ ತುಂಬಿಕೊಂಡ ಅಜ್ಜಿಯರು, ಬ್ಯಾಟರಿ ಮಾರುವವನು, ನಿದ್ದೆ ಹೊಡೆಯುವ ಕಾಲೇಜು ಹುಡುಗರು. ಕೊಲ್ಪಿನೊ ದಾಟಿತು, ತೊಸ್ನೊ ದಾಟಿತು. ಕಿಟಕಿ ಹೊರಗೆ ಸೆಪ್ಟೆಂಬರ್ ಕೊನೆಯ ಹಳದಿ ಬರ್ಚ್, ನಡುನಡುವೆ ಕಪ್ಪು ನೀರಿನ ಜೌಗು. ಒಂದೂವರೆ ತಾಸಿನ ದಾರಿಯಲ್ಲಿ ನನಗೆ ಒಂದು ಕರ್ವೂ ಸಿಗಲಿಲ್ಲ. ಕರ್ವ್ ಬಂದರೆ ಕೂತಲ್ಲೇ ಹೊಟ್ಟೆಗೆ ತಿಳಿಯುತ್ತದೆ. ತಿಳಿಯಲಿಲ್ಲ.

ಪೀಟರ್ಸ್‌ಬರ್ಗಿನಿಂದ 82 ಕಿ.ಮೀ. ಲ್ಯುಬಾನ್ ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ನಿಂತೆ. ಹಳಿ ನೇರವಾಗಿದೆಯೋ ಇಲ್ಲವೋ ನೋಡಲು ನಾವು ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಹಳಿಯ ತಲೆಯ ಮಟ್ಟಕ್ಕೆ ಕಣ್ಣಿಟ್ಟು ನೋಡುತ್ತೇವೆ. ಕೈ ಸುಮ್ಮನಿರಲಿಲ್ಲ, ಕೂತೇಬಿಟ್ಟೆ. ಎರಡು ಹಳಿಗಳು ಕಾಡು ಸೀಳಿಕೊಂಡು ಹೋಗಿ, ಒಂದಾಗಿ, ಬಿಸಿಲಲ್ಲಿ ಕರಗಿಹೋಗುವ ತನಕ ಒಂದು ಕೂದಲೆಳೆ ಆಚೀಚೆ ಇಲ್ಲ. ಕಿತ್ತಳೆ ಜಾಕೆಟ್ಟಿನ ಹೆಂಗಸೊಬ್ಬಳು ಕೂಗುತ್ತ ಬಂದಳು. ಅಂಚಿನಿಂದ ಹಿಂದೆ ಸರಿ ಎಂದಿರಬೇಕು. ಅಳಿಯ ಏನೋ ಹೇಳಿದ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಕ್ಕು, ನನ್ನಂತೆಯೇ ಒಂದು ಕಣ್ಣು ಮುಚ್ಚಿ ತೋರಿಸಿದಳು. ಆಕೆಯೂ ಹಳಿಯವಳೇ.

ಆಗಲೇ ಧ್ವನಿವರ್ಧಕ ಏನೋ ಒದರಿತು, ಎಲ್ಲರೂ ಗೋಡೆ ಕಡೆ ಸರಿದರು. ಸಪ್ಸಾನ್. ಮೊದಲು ಹಳಿ ಸಿಳ್ಳೆ ಹಾಕಿತು, ಆಮೇಲೆ ಗಾಳಿಯ ಗೋಡೆ, ನನ್ನ ಟೊಪ್ಪಿಗೆ ಹಾರಿತು. ಅಳಿಯ ಎಣಿಸಿದ: ಹತ್ತು ಸೆಕೆಂಡೂ ಆಗಲಿಲ್ಲ. ಮೊನ್ನೆ ಅದರೊಳಗೆ ಚಹಾ ಲೋಟಕ್ಕೆ ಕೈ ಚಾಚಿದ್ದವನು ನಾನು.

ಹೂವಿನಂಗಡಿಯಲ್ಲಿ ಕೆಂಪು ಕಾರ್ನೇಷನ್ ಮೂರು ಕೇಳಿದೆ. ಅಂಗಡಿಯಾಕೆ ಕಟ್ಟುತ್ತ, ಯಾರಿಗೆ ಎಂದಳು. ಸಮಾಧಿಗೆ ಎಂದು ಅಳಿಯ ಹೇಳಿದ. ಆಕೆ ಕಟ್ಟು ಬಿಚ್ಚಿ ಇನ್ನೊಂದು ಹೂ ಸೇರಿಸಿದಳು. ಇಲ್ಲಿ ಬದುಕಿದ್ದವರಿಗೆ ಬೆಸಸಂಖ್ಯೆ, ಸತ್ತವರಿಗೆ ಸಮಸಂಖ್ಯೆ. ಹುಟ್ಟುಹಬ್ಬಕ್ಕೆ ನಾಲ್ಕು ಹೂ ಕೊಟ್ಟರೆ ಮನೆಯಿಂದ ಓಡಿಸುತ್ತಾರಂತೆ.

ಸ್ಟೇಷನ್ನಿನ ಪಕ್ಕದ ಸಣ್ಣ ತೋಟದಲ್ಲಿ ಪೀಠ, ಅದರ ಮೇಲೆ ಅರೆಪ್ರತಿಮೆ. ಸಾಹೇಬರನ್ನು ಮೊದಲು ಮಣ್ಣು ಮಾಡಿದ್ದು ಇಲ್ಲಿನ ಪೀಟರ್-ಪಾಲ್ ಚರ್ಚಿನ ಹತ್ತಿರ. ಯುದ್ಧ ಬಂತು, 1941ರ ಆಗಸ್ಟಿನಿಂದ 1944ರ ಜನವರಿ ತನಕ ಊರು ಜರ್ಮನರ ಕೈಯಲ್ಲಿತ್ತು. ಸುತ್ತಲಿನ ಜೌಗಿನಲ್ಲಿ 1942ರಲ್ಲಿ ಸೋವಿಯತ್ ಸೇನೆಯೊಂದು ಸಿಕ್ಕಿಬಿದ್ದು ನುಚ್ಚುನೂರಾಯಿತು. 1950ರ ದಶಕದಲ್ಲಿ ಸಾಹೇಬರ ಅವಶೇಷಗಳನ್ನು ತಂದು ಸ್ಟೇಷನ್ ಅಂಗಳದಲ್ಲಿಟ್ಟರು. ಝಾರನ ಜನರಲ್‌ಗೆ ಸೋವಿಯತ್ ಕಾಲದಲ್ಲಿ ಈ ಮರ್ಯಾದೆ ಸಿಕ್ಕಿತು ಎಂದರೆ, ರೈಲ್ವೆಯವರು ಯಾವ ದೇಶದಲ್ಲೂ ರೈಲ್ವೆಯವರೇ.

ಇಲ್ಲೇ ಯಾಕೆ? ಪೀಟರ್ಸ್‌ಬರ್ಗಿನಲ್ಲಿ ಬಂಗಲೆ ಕಟ್ಟಿಕೊಳ್ಳಬಹುದಿತ್ತು. 1865ರಿಂದ 1869ರ ತನಕ ಮಂತ್ರಿ. ಆದರೆ ಆ ಕಾಲದಲ್ಲೇ, 1868ರಲ್ಲಿ, ಅವರು ಕಟ್ಟಿದ ದಾರಿಯನ್ನೇ ಸರ್ಕಾರ ಒಂದು ಖಾಸಗಿ ಕಂಪನಿಗೆ ಮಾರಿತು. ರೈಲು ಸರ್ಕಾರದ್ದೇ ಆಗಿರಬೇಕು ಎನ್ನುತ್ತಿದ್ದ ಮಂತ್ರಿ ವಿರೋಧಿಸಿದರು, ಕೇಳುವವರಿರಲಿಲ್ಲ. ಮರುವರ್ಷ ಹುದ್ದೆ ಬಿಟ್ಟರು. ಲ್ಯುಬಾನ್‌ನಲ್ಲಿ ಸ್ವಂತ ದುಡ್ಡು ಹಾಕಿ ರೈಲ್ವೆ ಬಡ ನೌಕರರ ಮಕ್ಕಳಿಗೆ ಶಾಲೆ, ವಸತಿ, ವಯಸ್ಸಾದ ಹೆಂಗಸರಿಗೆ ಒಂದು ಆಶ್ರಯ ಕಟ್ಟಿಸಿದರು. ಮಾರಿಹೋದ ಹಳಿಯ ಪಕ್ಕದಲ್ಲೇ ಕೊನೆಗಾಲ. ದಿನಾ ಗಾಡಿಯ ಸದ್ದು ಕೇಳುತ್ತಿದ್ದರೇನೋ. ಈ ಒಂದು ಆಸೆ ನನಗೆ ಅರ್ಥವಾಗುತ್ತದೆ. ನಮ್ಮ ಮನೆಯೂ ಗೇಟಿನ ಹತ್ತಿರ, ರಾತ್ರಿ ಗೂಡ್ಸ್ ತಡವಾದರೆ ಎಚ್ಚರವಾಗುತ್ತದೆ.

ಆದರೆ ನಾಲ್ಕು ಹೂ ಇಟ್ಟು ನಿಂತಾಗ ಮನಸ್ಸು ಪೂರ್ತಿ ಸಲಾಮು ಹೊಡೆಯಲಿಲ್ಲ. ಕೊಲ್ಪಿನೊದಿಂದ ಇಲ್ಲಿಯ ತನಕ ಕಂಡ ಆ ಕಪ್ಪು ಜೌಗಿನ ಮೇಲೆ ಏರಿ ಹಾಕಿದವರು ಯಾರು? ಜೀತದ ರೈತರು, ಹತ್ತಾರು ಸಾವಿರ. ಸನಿಕೆ, ಒಂಟಿಗಾಲಿ ಕೈಗಾಡಿ, ಅಷ್ಟೇ ಉಪಕರಣ. ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ಕೆಲಸ, ನೆಲ ತೋಡಿ ಮಾಡಿದ ಗುಂಡಿಯಲ್ಲಿ ವಾಸ, ಜ್ವರ. ಮಳೆ ಬಂದ ದಿನದ ಕೂಲಿ ಕಡಿತ, ಗುತ್ತಿಗೆದಾರನ ಸಾಲ, ತಕರಾರು ಎತ್ತಿದರೆ ಚಾಟಿ. ಇದೆಲ್ಲ ಉತ್ತರ ವಿಭಾಗದಲ್ಲೂ ನಡೆಯಿತು, ಅಂದರೆ ಸಾಹೇಬರ ಕೈಕೆಳಗೆ. ಜಲ್ಲಿ ಹೊರುವ ಗ್ಯಾಂಗಿನ ಬೆನ್ನು ಮೂವತ್ನಾಲ್ಕು ವರ್ಷ ನೋಡಿದವನಿಗೆ ಏರಿ ಕಂಡರೆ ಮೊದಲು ನೆನಪಾಗುವುದು ಬುಟ್ಟಿ. 1790ರಲ್ಲಿ ರದಿಶ್ಚೆವ್ ಎಂಬ ಅಧಿಕಾರಿ ಇದೇ ಪೀಟರ್ಸ್‌ಬರ್ಗ್–ಮಾಸ್ಕೋ ದಾರಿಯ ಪ್ರವಾಸ ಕಥನ ಬರೆದು, ಇದೇ ಲ್ಯುಬಾನ್ ಹತ್ತಿರ ಭಾನುವಾರವೂ ಉಳುತ್ತಿದ್ದ ರೈತನೊಬ್ಬನ ಬಗ್ಗೆ ಹೇಳುತ್ತಾನೆ. ಆರು ದಿನ ಧಣಿಯ ಹೊಲ, ಏಳನೆಯ ದಿನ ಹೊಟ್ಟೆಗಾಗಿ ತನ್ನದು. ಬರೆದ ತಪ್ಪಿಗೆ ಕ್ಯಾಥರೀನ್ ರಾಣಿ ಅವನನ್ನು ಸೈಬೀರಿಯಾಕ್ಕೆ ಅಟ್ಟಿದಳು. ಪ್ರವಾಸ ಕಥನ ಬರೆಯುವುದು ಈಗ ಎಷ್ಟೋ ಸುರಕ್ಷಿತ.

ನಾಲ್ಕು ಹೂವಿನಲ್ಲಿ ಎರಡನ್ನು ತೆಗೆದು ಪ್ಲಾಟ್‌ಫಾರ್ಮಿನ ತುದಿಯ ಇಳಿಜಾರಿಗೆ ಹೋಗಿ ಏರಿಯ ಹುಲ್ಲಿನ ಮೇಲೆ ಇಟ್ಟೆ. ಕಿತ್ತಳೆ ಜಾಕೆಟ್ಟಿನಾಕೆ ದೂರದಿಂದ ನೋಡಿದಳು, ಈ ಸಲ ಕೂಗಲಿಲ್ಲ.

ನಾಲ್ಕನೆಯ ದಿನ: ವೆರೆಬ್ಯೆ ದಾಟಿ ಬೊಲೊಗೊಯೆ

ಲೋಕಲ್ ಗಾಡಿ ಬದಲಿಸಿಕೊಂಡು ಬದಲಿಸಿಕೊಂಡು ಮಾಸ್ಕೋ ಸೇರುವುದಕ್ಕೆ ಇಲ್ಲಿನ ಹುಡುಗರ ಭಾಷೆಯಲ್ಲಿ 'ನಾಯಿ ಮೇಲೆ ಹೋಗೋದು' ಎನ್ನುತ್ತಾರೆ. ನಾವೂ ನಾಯಿ ಹತ್ತಿದೆವು. ಚುದೊವೊದಲ್ಲಿ ಕವಿ ನೆಕ್ರಾಸೊವ್‌ನ ಬೇಟೆಮನೆ ಇದೆ, ಈಗ ಮ್ಯೂಸಿಯಂ. ಈ ರೈಲುದಾರಿ ಕಟ್ಟಿದವರು ಯಾರು ಎಂದು ಬೋಗಿಯಲ್ಲಿ ಕೂತ ಹುಡುಗ ಕೇಳುತ್ತಾನೆ, ಜನರಲ್ ಅಪ್ಪ ಕ್ಲೈನ್‌ಮಿಖೆಲ್ ಎಂಬ ಮೇಲಧಿಕಾರಿಯ ಹೆಸರು ಹೇಳುತ್ತಾನೆ. ಹಾಗೆ ಶುರುವಾಗಿ ಸತ್ತ ಕೂಲಿಗಳ ಕಡೆ ತಿರುಗುವ ಪದ್ಯವನ್ನು 1864ರಲ್ಲಿ ಬರೆದವನು ಆತನೇ. ರಷ್ಯಾದ ಶಾಲೆಮಕ್ಕಳಿಗೆ ಬಾಯಿಪಾಠ. ಮೆಲ್ನಿಕೊವ್ ಹೆಸರು ಅದರಲ್ಲಿಲ್ಲ. ಬೈಸಿಕೊಳ್ಳುವುದಕ್ಕೂ ಮೇಲಿನವರೇ ಬೇಕು.

ಮಾಲಯಾ ವಿಶೆರಾದಲ್ಲಿ ಗಾಡಿ ಬದಲಿಸಿ ಮುಂದೆ ಹೋದರೆ ವೆರೆಬ್ಯೆ. ಈ ದಾರಿಯ ಪ್ರಸಿದ್ಧ ಸುಳ್ಳು ಹುಟ್ಟಿದ್ದು ಇಲ್ಲಿ. ನಿಕೊಲಾಸ್ ದೊರೆ ನಕ್ಷೆಯ ಮೇಲೆ ಪಟ್ಟಿ ಇಟ್ಟು ಗೆರೆ ಎಳೆದನಂತೆ, ಬೆರಳು ಅಡ್ಡ ಬಂದು ಒಂದು ಕಡೆ ಡೊಂಕಾಯಿತಂತೆ, ಹೆದರಿದ ಇಂಜಿನಿಯರುಗಳು ಆ ಡೊಂಕನ್ನೂ ಹಾಗೇ ಕಟ್ಟಿದರಂತೆ. ಕೇಳಲು ಚೆಂದ. ಆದರೆ ಮೆಲ್ನಿಕೊವ್ ಸಾಹೇಬರು ಇಲ್ಲಿ ಕಟ್ಟಿದ್ದು ನೇರ ದಾರಿ. ಆಳ ಕಣಿವೆಯ ಮೇಲೆ ಝುರಾವ್‌ಸ್ಕಿಯ ಒಂಬತ್ತು ಕಣ್ಣಿನ ಮರದ ಸೇತುವೆ. ಕಷ್ಟವಿದ್ದದ್ದು ಏರಿನಲ್ಲಿ. ಸುಮಾರು 1:125ರ ಏರು (125 ಅಡಿ ಹೋದರೆ ಒಂದಡಿ ಮೇಲೆ), ಹದಿನೈದು ಕಿಲೋಮೀಟರ್ ಮೇಲೆ ಬಿಡುವಿಲ್ಲದೆ. ಸಕಲೇಶಪುರ ಘಾಟಿಯ 1:50 ಕಂಡವರಿಗೆ ಇದು ಗಂಜಿಯೂಟ, ಆದರೆ ಆಗಿನ ಇಂಜಿನ್‌ಗಳಿಗೆ ಮಾಸ್ಕೋ ಕಡೆ ಹೋಗುವಾಗ ಎದೆ ಒಡೆಯುತ್ತಿತ್ತು, ಹೆಚ್ಚುವರಿ ಇಂಜಿನ್ ಹಚ್ಚಬೇಕಿತ್ತು. ಅದಕ್ಕೇ 1881ರಲ್ಲಿ ಸುತ್ತು ಹಾಕಿಕೊಂಡು ಹೋಗುವ ಅರ್ಧಚಂದ್ರದ ದಾರಿ ಮಾಡಿದರು, ಐದು ಕಿಲೋಮೀಟರಿನಷ್ಟು ಉದ್ದವಾಯಿತು. ದೊರೆ ತೀರಿಕೊಂಡದ್ದು 1855ರಲ್ಲಿ. ಸತ್ತು ಇಪ್ಪತ್ತಾರು ವರ್ಷದ ಮೇಲೆ ಬೆರಳು ಎಲ್ಲಿಂದ ಬಂತು?

2001ರಲ್ಲಿ ಹೊಸ ಸೇತುವೆ ಹಾಕಿ ಮತ್ತೆ ನೇರ ಮಾಡಿದ್ದಾರೆ. ಸಾಹೇಬರ ಗೆರೆಯೇ ಗೆದ್ದಿತು ಎಂದು ನಾನು ಅಳಿಯನಿಗೆ ಹೇಳಿದಾಗ ಅವನು ಕಿವಿಗೆ ವೈರ್ ಸಿಕ್ಕಿಸಿಕೊಂಡಿದ್ದ. ಸೇತುವೆ ಬಂತು, ಕೆಳಗೆ ಮರಗಳ ತಲೆ, ಆಳದಲ್ಲಿ ಒಂದು ಎಳೆ ನೀರು. ಮುಗಿಯಿತು.

ಇನ್ನೊಂದು ಕಥೆಗೆ ಮಾತ್ರ ನನ್ನ ಪೂರ್ತಿ ನಂಬಿಕೆ ಇದೆ, ದಾಖಲೆ ಕೇಳಬೇಡಿ. 1851ರ ಆಗಸ್ಟಿನಲ್ಲಿ ದೊರೆಯೇ ರೈಲಿನಲ್ಲಿ ಬರುತ್ತಾನೆಂದು, ವೆರೆಬ್ಯೆ ಸೇತುವೆಯ ತುಕ್ಕು ಹಿಡಿದ ಹಳಿಗಳಿಗೆ ಯಾರೋ ನಿಷ್ಠಾವಂತ ಎಣ್ಣೆಬಣ್ಣ ಬಳಿಸಿದನಂತೆ. ದೊರೆಯ ಗಾಡಿ ಸೇತುವೆ ಮೇಲೆ ಬಂದು ಚಕ್ರ ಗಿರಗಿರ ತಿರುಗಿತು, ಮುಂದೆ ಹೋಗಲಿಲ್ಲ. ಹಳಿಗೆ ಬೂದಿ ಸುರಿದು ದಾಟಿಸಿದರಂತೆ. ಜನರಲ್ ಮ್ಯಾನೇಜರ್ ಇನ್‌ಸ್ಪೆಕ್ಷನ್ ಹಿಂದಿನ ದಿನ ಜಲ್ಲಿಗೆ ಸುಣ್ಣ ಬಳಿಸಿದವರಿಗೆ ಇದು ನಡೆದಿರಲು ಸಾಧ್ಯವಿಲ್ಲ ಎನ್ನುವ ಧೈರ್ಯ ಬರುವುದಿಲ್ಲ.

ಸಂಜೆ ಬೊಲೊಗೊಯೆ. ಎರಡು ಊರಿಗೂ ಹೆಚ್ಚುಕಡಿಮೆ ನಡು. ಸ್ಟೇಷನ್ ಕಟ್ಟಡ ಹಳಿಗಳ ನಡುವೆ ದ್ವೀಪದ ಹಾಗೆ ನಿಂತಿದೆ, ಎರಡೂ ಕಡೆಯ ಗಾಡಿಗೆ ಒಂದೇ ಉಪಾಹಾರ ಗೃಹ ಸಾಕಾಗಲೆಂದು. ಅಲ್ಲಿ ಬಕ್‌ವೀಟ್ ಅನ್ನದಂಥದ್ದು ಸಿಕ್ಕಿತು. ಹುಬ್ಬಳ್ಳಿಯಿಂದ ತಂದ ಶೇಂಗಾ ಚಟ್ನಿಪುಡಿ ಬೆರೆಸಿ ತಿಂದೆವು. ಪಕ್ಕದ ಟೇಬಲ್ಲಿನ ಲೋಕೋ ಪೈಲಟ್ ಕುತೂಹಲಕ್ಕೆ ಒಂದು ಚಮಚ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, 'ಖರಷೋ' ಎಂದ. ಚೆನ್ನಾಗಿದೆ ಎಂದರ್ಥವಂತೆ. ಇನ್ನೊಂದು ಚಮಚ ಕೇಳಲಿಲ್ಲ.

ಐದನೆಯ ದಿನ: ತ್ವೇರ್

ಅಳಿಯನ ಹಾಸ್ಟೆಲ್, ಅವನ ಗೆಳೆಯರು, ರಾಯಚೂರಿನವನೊಬ್ಬ, ದಾವಣಗೆರೆಯವನೊಬ್ಬ. ಕುಕ್ಕರಿನಲ್ಲಿ ಬಿಸಿಬೇಳೆ ಭಾತ್ ಮಾಡಿದರು. ಮಳೆ. ವೋಲ್ಗಾ ನದಿ ಕಂಡೆ. ನಿದ್ದೆ ಮಾಡಿದೆ.

ಆರನೆಯ ದಿನ: ಮಾಸ್ಕೋ

ಮೊದಲ ಸಾರ್ವಜನಿಕ ಗಾಡಿ 1851ರ ನವೆಂಬರ್ 1ರಂದು (ಹಳೆ ಕ್ಯಾಲೆಂಡರ್) ಬೆಳಿಗ್ಗೆ 11:15ಕ್ಕೆ ಪೀಟರ್ಸ್‌ಬರ್ಗ್ ಬಿಟ್ಟು ಮರುದಿನ 9ಕ್ಕೆ ಮಾಸ್ಕೋ ಸೇರಿತು. 21 ಗಂಟೆ 45 ನಿಮಿಷ, 192 ಜನ. ಮೊದಲ ದರ್ಜೆಯಲ್ಲಿ 17, ಎರಡರಲ್ಲಿ 63, ಮೂರರಲ್ಲಿ 112. ನಾವು ನಾಯಿ ಮೇಲೆ ಮೂರು ದಿನ ತಗೊಂಡೆವು.

ಕೊಮ್ಸೊಮೋಲ್‌ಸ್ಕಯಾ ಚೌಕದಲ್ಲಿ ಮೂರು ದೊಡ್ಡ ಸ್ಟೇಷನ್‌ಗಳು ಒಂದರ ಮುಖ ಒಂದು ನೋಡುತ್ತ ನಿಂತಿವೆ. ಲೆನಿನ್‌ಗ್ರಾದ್‌ಸ್ಕಿ ಪಕ್ಕದಲ್ಲಿ 2003ರಲ್ಲಿ ನಿಲ್ಲಿಸಿದ ಮೆಲ್ನಿಕೊವ್ ಸ್ಮಾರಕ. ಸಂಜೆಯ ನೂಕುನುಗ್ಗಲು. ಸೂಟ್‌ಕೇಸ್ ಎಳೆಯುವವರು, ಮೆಟ್ರೊ ಬಾಗಿಲಿನ ಕಡೆ ಓಡುವವರು, ಸ್ಮಾರಕದ ಬುಡದಲ್ಲಿ ಕೂತು ಶವರ್ಮಾ ತಿನ್ನುವ ಇಬ್ಬರು ಸೈನಿಕ ಹುಡುಗರು. ಕತ್ತೆತ್ತಿ ನೋಡಿದವನು ನಾನೊಬ್ಬನೇ. ಲ್ಯುಬಾನ್‌ನಲ್ಲಿ ಹಳಿ ಪಕ್ಕ ಸಾಹೇಬರು ಮನೆಯವರಂತೆ ಕಂಡಿದ್ದರು. ಇಲ್ಲಿ ನೆಂಟರ ಮನೆ ಮದುವೆಗೆ ಬಂದು ಗುರುತಿನವರಿಗೆ ಕಾಯುತ್ತಿರುವಂತೆ ಕಂಡರು.

ಅಳಿಯ ವಾಪಸ್ ತ್ವೇರ್‌ಗೆ, ನಾನು ರಾತ್ರಿಯ ವಿಮಾನಕ್ಕೆ. ಅವನು ಹೂವಿನಂಗಡಿ ಕಡೆ ಕೈ ತೋರಿಸಿದ.

"ಮಾಮಾ, ಮೂರ್ತಿಗೆ ಎಷ್ಟು ಹೂ? ಸಮಾನೋ, ಬೆಸಾನೋ?"

ನನಗೆ ಗೊತ್ತಿರಲಿಲ್ಲ. ಅಂಗಡಿಯವನಿಗೆ ಕೇಳು ಎಂದೆ. ಅವನು ಗಡಿಯಾರ ಗೋಪುರ ನೋಡಿದ. ಅವನ ಗಾಡಿಗೆ ಏಳು ನಿಮಿಷ ಉಳಿದಿತ್ತು.

"ಬಿಡು, ನಡಿ ಮೊದಲ. ಗಾಡಿ ಟೈಮಿಗೆ ಬಿಡತೈತಿ ಇಲ್ಲಿ."